ಡಾರ್ವೆನ್ ಊರಿನ ಕಾಲ್ಚೆಂಡಿನ ಸಂಘ

ಮುಂಬಯಿಯ ಬಟ್ಟೆ ಗಿರಣಿಗಳ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬಲ್ಲ ನಮಗೆ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಡಾರ್ವೆನ್ ಎಂಬ ಸಣ್ಣ ಊರು ತೀರ ಪರಕೀಯವೆನಿಸದು. ಅದೂ ಹತ್ತಿಯ ಗಿರಣಿಗಳಿಂದ ಬದುಕಿದ ಊರು. ಅಲ್ಲಿಯ ಒಂದು ದೊಡ್ಡ ಗಿರಣಿಯ ಹೆಸರೇ ‘ಇಂಡಿಯಾ ಮಿಲ್’. ಅಲ್ಲಿ 1870ರಲ್ಲಿ ಕಾಲ್ಚೆಂಡಿನ ಸಂಘವೊಂದು ಹುಟ್ಟಿತು.

ವಿದ್ಯಾರ್ಥಿಗಳೆ, ಆಟಕ್ಕೆ ಚೆಂಡೊಂದಿದ್ದರೆ ಸಾಲದು, ಬಿಡುವು ಬೇಕು. 1850ರ ಕಾರ್ಖಾನೆ ಶಾಸನವು ಸ್ತ್ರೀಯರನ್ನೂ ಕಿರಿಯರನ್ನೂ ಶನಿವಾರ ಮಧ್ಯಾಹ್ನ 2 ಗಂಟೆಯ ಮೇಲೆ ಬಟ್ಟೆ ಗಿರಣಿಗಳಲ್ಲಿ ದುಡಿಸಕೂಡದೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯುವುದು ಕಷ್ಟವಾದುದರಿಂದ ಗಂಡಸರಿಗೂ ಆ ಅರ್ಧ ದಿನ ದೊರೆಯಿತು. ಗಿರಣಿಯೂರುಗಳ ಕಾಲ್ಚೆಂಡು ಬೆಳೆದುದು ಆ ಅರ್ಧ ದಿನದಲ್ಲಿ.

1879ರಲ್ಲಿ ಈ ತಂಡವು ಎಫ್.ಎ. ಕಪ್ ಪಂದ್ಯಾವಳಿಯ ಕೊನೆಯ ಸುತ್ತುಗಳನ್ನು ಮುಟ್ಟಿತು. ಎದುರಾಳಿಗಳು ಓಲ್ಡ್ ಈಟೋನಿಯನ್ಸ್, ಎಂದರೆ ಸಿರಿವಂತರ ಮಕ್ಕಳು ಓದುವ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು. ಪಂದ್ಯವು ಸುಮಾರು 200 ಮೈಲಿ ದೂರದ ಲಂಡನ್ನಿನಲ್ಲಿ, ಕೆನಿಂಗ್ಟನ್ ಓವಲ್ ಮೈದಾನದಲ್ಲಿ. ಫೆಬ್ರವರಿ 13, ಗುರುವಾರ. ಕೂಲಿಯವನಿಗೆ ಗುರುವಾರದ ಆಟವೆಂದರೆ ಏನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆಟ ಮುಗಿಯಲು ಕಾಲು ಗಂಟೆಯಿರುವಾಗ ಡಾರ್ವೆನ್ 1–5ರಿಂದ ಹಿಂದಿತ್ತು. ಆಮೇಲೆ ಒಂದರ ಹಿಂದೊಂದು 4 ಗೋಲುಗಳು! 5–5. ಹೆಚ್ಚಿನ ಹೊತ್ತು ಆಡಿ ಇಂದೇ ತೀರ್ಮಾನಿಸೋಣವೆಂದು ಡಾರ್ವೆನ್ನಿನವರು ಕೇಳಿದರು, ಈಟನ್ನಿನವರು ಒಪ್ಪಲಿಲ್ಲ. ಅದು ನಿಯಮಭಂಗವಲ್ಲ, ನಿಜ. ಆದರೆ ಮರುಪಂದ್ಯವೂ ಲಂಡನ್ನಿನಲ್ಲೇ. ಪ್ರಯಾಣದ ಹೊರೆಯೆಲ್ಲ ಒಂದೇ ಪಕ್ಷದ ತಲೆಯ ಮೇಲೆ. ಊರಿನವರು ಚಂದಾ ಎತ್ತಿ ತಂಡವನ್ನು ಮತ್ತೆ ಕಳುಹಿಸಿದರು. ಈಟನ್ನಿನವರೂ ಆ ನಿಧಿಗೆ ಹಣವಿತ್ತರೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಮಾರ್ಚ್ 8ರಂದು 2–2. ಮಾರ್ಚ್ 15ರಂದು ಮೂರನೆಯ ಸಲ ಲಂಡನ್ನಿಗೆ ಬಂದ ಡಾರ್ವೆನ್ 2–6ರಿಂದ ಸೋತಿತು. ಆ ವರ್ಷದ ಕಪ್ಪನ್ನು ಗೆದ್ದವರು ಈಟನ್ನಿನವರೇ.

ತಂಡದಲ್ಲಿ ಗ್ಲಾಸ್ಗೋ ಕಡೆಯಿಂದ ಬಂದ ಫರ್ಗಸ್ ಸೂಟರ್, ಜೇಮ್ಸ್ ಲವ್ ಎಂಬಿಬ್ಬರಿದ್ದರು. ಸೂಟರ್ ಕಲ್ಲುಕುಟಿಗ. ಊರಿಗೆ ಬಂದಮೇಲೆ ಅವನು ಉಳಿಯನ್ನು ಕೆಳಗಿಟ್ಟನು; ಆಟಕ್ಕಾಗಿಯೇ ಹಣ ಪಡೆಯುತ್ತಿದ್ದಾನೆಂಬ ಗುಸುಗುಸು ಹುಟ್ಟಿತು. ಉಳ್ಳವರು ಇದನ್ನು ಹೀನವೆಂದು ಬಗೆದರು. ದುಡಿದೇ ಉಣ್ಣಬೇಕಾದವನು ಬರಿಯ ಕೀರ್ತಿಗಾಗಿ ಎಷ್ಟು ದಿನ ಆಡಿಯಾನು? 1885ರಲ್ಲಿ ಸಂಭಾವನೆಯ ಆಟಕ್ಕೆ ಅಧಿಕೃತವಾಗಿ ಒಪ್ಪಿಗೆ ದೊರೆಯಿತು.

ಡಾರ್ವೆನ್ 1891ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿ, ಸತತ 18 ಪಂದ್ಯಗಳನ್ನು ಸೋತ ಋತುವಿನ ಬಳಿಕ 1899ರಲ್ಲಿ ಹೊರಬಂದಿತು. ಹಳೆಯ ಸಂಘವು 2009ರಲ್ಲಿ ಮುಚ್ಚಿದಾಗ ಊರಿನವರು ಎ.ಎಫ್.ಸಿ. ಡಾರ್ವೆನ್ ಎಂಬ ಹೊಸ ಸಂಘವನ್ನು ಕಟ್ಟಿದರು.