ಕಾಲಿನ ರಕ್ತಸಂಚಾರವೂ ಶಾಖೋಪಚಾರವೂ

ನಮ್ಮ ಸೀಮೆಯಲ್ಲಿ ಕಾಲುನೋವೆಂದರೆ ಶಾಖವೇ ಮೊದಲ ಮದ್ದು. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಉಪ್ಪಿನ ಗಂಟು, ಕಾದ ಇಟ್ಟಿಗೆ ಅರಿಯದ ಮನೆಯಿಲ್ಲ. ನಾನು ಕಲಾವಿಭಾಗದ ವಿದ್ಯಾರ್ಥಿ. ವೈದ್ಯಶಾಸ್ತ್ರದಲ್ಲಿ ನನಗೆ ಪ್ರವೇಶವಿಲ್ಲ. ಆದರೆ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ವೈದ್ಯರ ಚೀಟಿ ಓದುವ ಕೆಲಸವೂ ನನ್ನ ಪಾಲಿಗೇ ಬಂದಿತು.

ನನ್ನ ತಾತ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವರು. ಬೀಡಿಯೂ ಜೊತೆಗಿತ್ತು. ಗದ್ದೆಯ ಬದುವಿನ ಮೇಲೆ ಸ್ವಲ್ಪ ದೂರ ನಡೆದರೆ ಅವರಿಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ವಯಸ್ಸಿನ ದೋಷವೆಂದುಕೊಂಡೆವು. ಕಳೆದ ಮಾಗಿಯಲ್ಲಿ ಪಾದ ತಣ್ಣಗಿದೆಯೆಂದು ನಾನೇ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಹಾಸಿಗೆಯಲ್ಲಿಟ್ಟೆ. "ಹಿತವಾಗಿದೆ ಮಗ" ಎಂದರು. ಬೆಳಗ್ಗೆ ನೋಡಿದರೆ ಹೆಬ್ಬೆರಳ ಬುಡದಲ್ಲಿ ದೊಡ್ಡ ಬೊಬ್ಬೆ. ಉರಿ ಅವರಿಗೆ ತಿಳಿದೇ ಇರಲಿಲ್ಲ. ಗಾಯ ಮಾಯಲಿಲ್ಲ; ಕೊನೆಗೆ ಆಸ್ಪತ್ರೆಯಲ್ಲಿ ಆ ಬೆರಳನ್ನು ತೆಗೆಯಬೇಕಾಯಿತು.

ಹೀಗೇಕಾಯಿತು? ಶುದ್ಧರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದೇ ಈ ರೋಗ. ಹೊಗೆಸೊಪ್ಪೂ ಸಕ್ಕರೆ ಕಾಯಿಲೆಯೂ ಇದರ ಮುಖ್ಯ ಕಾರಣಗಳು. ಸಕ್ಕರೆ ಕಾಯಿಲೆ ನರಗಳನ್ನೂ ಮಂಕುಗೊಳಿಸುತ್ತದೆ. ಕಾಲನ್ನು ಕಾಯಿಸಿದರೆ ಅಲ್ಲಿನ ಜೀವಕೋಶಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆರೋಗ್ಯವಂತರ ನಾಳ ಹಿಗ್ಗಿ ಅದನ್ನು ಒದಗಿಸುತ್ತದೆ, ಹೆಚ್ಚಿನ ಶಾಖವನ್ನೂ ಸಾಗಿಸುತ್ತದೆ. ಕಟ್ಟಿಕೊಂಡ ನಾಳಕ್ಕೆ ಎರಡೂ ಆಗದು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ತೂಬು ಕಟ್ಟಿಕೊಂಡಿರುವಾಗ ಬಿಸಿಲೇರಿದರೆ ಪೈರಿನ ದಾಹ ಹೆಚ್ಚುತ್ತದೆಯೇ ಹೊರತು ನೀರು ಹೆಚ್ಚುವುದಿಲ್ಲ.

ಹಾಗೆಂದು ಶಾಖವೇ ವರ್ಜ್ಯವಲ್ಲ. ೧೯೩೨ರಲ್ಲಿ ಅಮೆರಿಕದ ಗಿಬ್ಬನ್ ಮತ್ತು ಲ್ಯಾಂಡಿಸ್ ಎಂಬ ವೈದ್ಯರು ಮುಂಗೈಗಳನ್ನು ಬಿಸಿನೀರಿನಲ್ಲಿ ಇಳಿಬಿಡಿಸಿದಾಗ, ಮುಟ್ಟದೆ ಬಿಟ್ಟಿದ್ದ ಕಾಲುಗಳ ರಕ್ತನಾಳಗಳೇ ಹಿಗ್ಗಿದುದನ್ನು ತೋರಿಸಿದರು. (ಈ ಗಿಬ್ಬನ್ನರೇ ೧೯೫೩ರಲ್ಲಿ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಶಸ್ತ್ರಚಿಕಿತ್ಸೆ ಮಾಡಿ ಪ್ರಸಿದ್ಧರಾದವರು.) ಜಪಾನಿನ ಕಗೋಶಿಮಾದಲ್ಲಿ ಡಾ. ತೇಯಿ ಅವರು ರೋಗಿಯನ್ನು ೬೦ ಡಿಗ್ರಿಯ ಒಣಶಾಖದ ಕೋಣೆಯಲ್ಲಿ ೧೫ ನಿಮಿಷ ಕೂರಿಸಿ, ಬಳಿಕ ೩೦ ನಿಮಿಷ ಕಂಬಳಿ ಹೊದಿಸಿ ಮಲಗಿಸುವ ಕ್ರಮವನ್ನು ರೂಪಿಸಿದರು. ಇಲ್ಲೆಲ್ಲ ಬೆಚ್ಚಗಾಗುವುದು ಇಡೀ ದೇಹ, ಅದೂ ವೈದ್ಯರ ಕಣ್ಣೆದುರಿನಲ್ಲಿ. ಹಸಿದ ಪಾದವೊಂದೇ ಅಲ್ಲ.

ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ, ೦.೯ಕ್ಕಿಂತ ಕಡಿಮೆ ಬಂದರೆ ವೈದ್ಯರು ರೋಗವನ್ನು ಗುರುತಿಸುತ್ತಾರೆ. ನೋವಿಲ್ಲದ ಸರಳ ಪರೀಕ್ಷೆ. ಇಟ್ಟಿಗೆ ಕಾಯಿಸುವ ಮೊದಲು ನಾವು ಅದನ್ನು ಮಾಡಿಸಬೇಕಾಗಿತ್ತು.

ಈಗ ತಾತನಿಗೆ ಉಣ್ಣೆಯ ಕಾಲುಚೀಲ, ಮೈತುಂಬ ಕಂಬಳಿ. ವೈದ್ಯರು ಹೇಳಿದಂತೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುತ್ತಾರೆ. ಮೊದಲು ಹುಣಿಸೇಮರದವರೆಗೆ ಹೋಗುತ್ತಿದ್ದವರು ಈಗ ಆಲೆಮನೆ ಮುಟ್ಟುತ್ತಾರೆ. ಬೀಡಿ ಮಾತ್ರ ಪೂರ್ತಿ ಬಿಟ್ಟಿಲ್ಲ. ಆಲೆಮನೆಯ ಹಿಂದೆ ಹೊಗೆ ಕಂಡು ಕೇಳಿದರೆ, ಒಲೆಯದೆನ್ನುತ್ತಾರೆ.