ಹೊಟ್ಟೆ ಚಿಕ್ಕದು ಮಾಡಿಸಿಕೊಂಡ ಮೇಲೆ ಊಟ ಹೇಗೆ?

ತೂಕ ಇಳಿಸುವ ಆಪರೇಷನ್ ಎಂದರೆ ಕೆಲವು ವರ್ಷಗಳ ಹಿಂದೆ ಪೇಪರಿನಲ್ಲಿ ಓದುವ ಸುದ್ದಿಯಾಗಿತ್ತು. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಮಾಡಿಸಿಕೊಂಡರು. 2017ರಲ್ಲಿ ಈಜಿಪ್ಟಿನ ಇಮಾನ್ ಅಹ್ಮದ್ ಎಂಬ ಹೆಣ್ಣುಮಗಳನ್ನು ಇದಕ್ಕಾಗಿಯೇ ವಿಮಾನದಲ್ಲಿ ಮುಂಬೈಗೆ ಕರೆತಂದರು. ಈಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಮನೆಗಳವರೂ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದಾರೆ. ಮೂರು ನಾಲ್ಕು ದಿನಕ್ಕೆ ಡಿಸ್‌ಚಾರ್ಜ್. ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಡಯಟ್ ಹಾಳೆ. ಅದರಲ್ಲಿ ಸೂಪು, ಪ್ಯೂರಿ ಎಂದೆಲ್ಲ ಇರುತ್ತದೆ. ದಾಲ್ಚಾ ಇಲ್ಲ, ಮುದ್ದೆ ಇಲ್ಲ, ಸಹರಿ ಇಫ್ತಾರ್ ಇಲ್ಲ. ಆಗ ನೆನಪಾಗುವುದು ಊರಿನ ಹಕೀಮರು.

ನಾನು ಯುನಾನಿ ವೈದ್ಯ, ಸರ್ಜನ್ ಅಲ್ಲ. ಯಾವ ವಾರ ಯಾವ ಆಹಾರ ಎಂಬುದರಲ್ಲಿ ನಿಮ್ಮ ಸರ್ಜನ್ ಕೊಟ್ಟ ಹಾಳೆಯೇ ಮುಖ್ಯ. ಆ ಹಾಳೆಯನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಓದುವುದಕ್ಕೆ ಈ ಲೇಖನ ಸಹಾಯವಾಗಲಿ ಎಂಬುದಷ್ಟೇ ಉದ್ದೇಶ.

ಮೊದಲು ಒಂದು ಘಟನೆ ಹೇಳಿಬಿಡುತ್ತೇನೆ. ಶ್ರೀನಿವಾಸಪುರದ ಕಡೆಯ ಸಹೋದರಿಯೊಬ್ಬರನ್ನು ಒಂದು ಸಂಜೆ ಅತ್ತೆ ಮತ್ತು ಗಂಡ ನನ್ನ ಕ್ಲಿನಿಕ್ಕಿಗೆ ಕರೆತಂದರು. ಆಪರೇಷನ್ ಆಗಿ ಎರಡು ತಿಂಗಳು ದಾಟಿತ್ತು. "ಹಕೀಂ ಸಾಬ್, ಮೂರು ವಾರದಿಂದ ತಿಂದಿದ್ದೆಲ್ಲಾ ವಾಪಸ್ ಬರ್ತಿದೆ. ಆಪರೇಷನ್ ಆದವರಿಗೆ ಹೀಗೇ ಅಂತಾರೆ. ತಾಕತ್ತಿಗೆ ಒಂದು ಮಾಜೂನ್ ಕೊಡಿ" ಎಂದರು ಅತ್ತೆ. ನಿಶ್ಶಕ್ತಿಗೆಂದು ಹತ್ತಿರದ ಕ್ಲಿನಿಕ್ಕೊಂದರಲ್ಲಿ ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದ್ದರು. ನಜರ್ ಇಳಿಸಿಯೂ ಆಗಿತ್ತು. ನಾಲ್ಕು ಹೆಜ್ಜೆ ನಡೆದು ತೋರಿಸಮ್ಮಾ ಎಂದೆ. ಆಕೆ ಗೋಡೆ ಹಿಡಿದುಕೊಂಡರು. ಎದುರಿಗಿದ್ದ ನಾನು ಎರಡೆರಡಾಗಿ ಕಾಣುತ್ತಿದ್ದೇನೆ ಎಂದರು.

ಇದು ಬರೀ ನಿಶ್ಶಕ್ತಿಯಲ್ಲ. ಥಯಾಮಿನ್ ಎಂಬ ಬಿ1 ವಿಟಮಿನ್ ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ ಸಂಗ್ರಹ ಇರುತ್ತದೆ. ಒಂದೇ ಸಮನೆ ವಾಂತಿಯಾದರೆ ಅದು ಖಾಲಿಯಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣು ಮಂಜಾಗುವುದು, ಎರಡಾಗಿ ಕಾಣುವುದು, ತೂರಾಡುವುದು, ಮಾತು ಗೊಂದಲವಾಗುವುದು ಇದರ ಗುರುತುಗಳು. ಥಯಾಮಿನ್ ಕೊಡದೆ ಗ್ಲೂಕೋಸ್ ಮಾತ್ರ ಹಾಕಿದರೆ ಸ್ಥಿತಿ ಇನ್ನೂ ಕೆಡಬಹುದು. ನಾನು ಮಾಜೂನ್ ಕೊಡಲಿಲ್ಲ. ಒಂದು ಚೀಟಿ ಬರೆದು ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಥಯಾಮಿನ್ ಇಂಜೆಕ್ಷನ್ ಶುರುವಾಯಿತು. ದೃಷ್ಟಿ ಬೇಗ ಸರಿಹೋಯಿತು. ನಡಿಗೆ ಸರಿಹೋಗಲು ತಿಂಗಳುಗಳೇ ಹಿಡಿದವು. ಅಲ್ಹಮ್ದುಲಿಲ್ಲಾಹ್, ಈಗ ಚೆನ್ನಾಗಿದ್ದಾರೆ.

ಆಪರೇಷನ್ ಆದವರಿಗೆ ವಾಂತಿ ಸಹಜ ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ಯಾರೂ ಆಡಬೇಡಿ. ಅವಸರದಲ್ಲಿ ತಿಂದು ಒಂದು ಸಲ ವಾಂತಿಯಾದರೆ ಅದು ಪಾಠ. ಎರಡು ಮೂರು ದಿನ ಬಿಡದೆ ವಾಂತಿಯಾದರೆ, ಅಥವಾ ನೀರೂ ನಿಲ್ಲದಿದ್ದರೆ, ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ಹೇಳಬೇಕಾದ ಮಾತು, "ನನಗೆ ಹೊಟ್ಟೆಯ ಆಪರೇಷನ್ ಆಗಿದೆ".

ಒಳಗೆ ಏನು ಮಾಡಿರುತ್ತಾರೆ?

ಇದು ಚರ್ಮದಡಿಯ ಕೊಬ್ಬು ಹೀರಿ ತೆಗೆಯುವ ಆಪರೇಷನ್ ಅಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡಾಗ ಬಹಳ ಜನ ಎರಡನ್ನೂ ಒಂದೇ ಎಂದುಕೊಂಡರು. ಇಲ್ಲಿ ಕೈಹಾಕುವುದು ಜಠರಕ್ಕೆ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಾಗಿ ಬಿಡುತ್ತಾರೆ. ಅದರಲ್ಲಿ ಹಿಡಿಸುವುದು ಸುಮಾರು 100ರಿಂದ 150 ಮಿ.ಲೀ., ಅಂದರೆ ಒಂದು ಟೀ ಲೋಟದಷ್ಟು. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಕತ್ತರಿಸಿದ್ದರಲ್ಲಿ ಹೋಗುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗುವುದಿಲ್ಲ. ಬೈಪಾಸ್ ಎಂಬ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಚೀಲ ಮಾಡಿ ನೇರ ಸಣ್ಣಕರುಳಿಗೆ ಜೋಡಿಸುತ್ತಾರೆ. ಎರಡು ದೊಡ್ಡ ಚಮಚ ಹಾಕಿದರೆ ಅದು ತುಂಬಿತು.

ಒಳಗಿನ ಹೊಲಿಗೆ ಮಾಯುವ ತನಕ ಆಹಾರ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲ ಒಂದೆರಡು ದಿನ ತಿಳಿನೀರಿನಂಥದ್ದು. ಸುಮಾರು ಎರಡು ವಾರದವರೆಗೆ ಬರೀ ದ್ರವ: ಸೋಸಿದ ಯಖ್ನಿ, ಸೋಸಿದ ಬೇಳೆಕಟ್ಟು, ಕೆನೆ ತೆಗೆದ ಹಾಲು, ತೆಳು ಮಜ್ಜಿಗೆ. ಮೂರು ನಾಲ್ಕನೇ ವಾರ ರುಬ್ಬಿದ್ದು: ಮಸೆದ ಖಿಚಡಿ, ರುಬ್ಬಿದ ಬೇಳೆ, ನುಣ್ಣಗೆ ರುಬ್ಬಿದ ಕೋಳಿ, ತೆಳುವಾದ ರಾಗಿ ಅಂಬಲಿ. ಆಮೇಲೆ ಎಂಟನೇ ವಾರದವರೆಗೆ ಮೆತ್ತಗಿನದು: ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಮಿದುವಾಗಿ ಬೇಯಿಸಿದ ಖೀಮಾ. ಮಾಮೂಲಿ ಊಟ ಅದರ ನಂತರ. ಯಖ್ನಿಗೆ ಮೆಣಸಿನಪುಡಿ, ಗರಂ ಮಸಾಲೆ ಬೇಡ, ಮೇಲಿನ ಕೊಬ್ಬು ತೆಗೆದಿರಬೇಕು. ಪಾಯಾ ಕುಡಿದರೆ ಮೂಳೆಗೆ ಬಲ ಎಂದು ಹತ್ತನೇ ದಿನಕ್ಕೇ ಪಾಯಾ ಕೊಟ್ಟ ಮನೆ ನನಗೆ ಗೊತ್ತು. ಆ ಜಿಡ್ಡು ಆ ಹೊಟ್ಟೆಗೆ ದೊಡ್ಡ ಹೊರೆ.

ಮುದ್ದೆ ನುಂಗುವ ಅಭ್ಯಾಸ

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ನಾವು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕಂದಿನಿಂದ ಗಂಟಲಿಗೆ ಅದೇ ಅಭ್ಯಾಸ. ಕೊಳವೆಯಾಗಿರುವ ಹೊಟ್ಟೆಗೆ ಆ ತುತ್ತು ಹೋಗಿ ಕೂತರೆ ಎದೆಯ ನಡುವೆ ಕಲ್ಲಿಟ್ಟಂತೆ ನೋವು, ಬಾಯಲ್ಲಿ ನೊರೆಯಂತೆ ಜೊಲ್ಲು, ಆಮೇಲೆ ವಾಂತಿ. ರಾಗಿಯದು ತಪ್ಪಲ್ಲ, ನುಂಗುವುದು ತಪ್ಪು. ಮೊದಲ ಮೂರು ನಾಲ್ಕು ತಿಂಗಳು ಅಂಬಲಿಯೇ ಸಾಕು. ಆಮೇಲೂ ಮುದ್ದೆ ಬೇಕೆನಿಸಿದರೆ ಕಡಲೆಕಾಯಿ ಬೀಜದಷ್ಟು ಮುರಿದು ಬಾಯಲ್ಲೇ ಕರಗಿಸಿ ತಿನ್ನಿ. ಪರೋಟಾ, ಬನ್ನು, ಒಣಗಿದ ಕೋಳಿ ತುಂಡು, ಮುದ್ದೆಯಾದ ಅನ್ನಕ್ಕೂ ಇದೇ ಮಾತು. ಮುಳಬಾಗಿಲು ದೋಸೆಯ ವಿಚಾರ ಎಲ್ಲರೂ ಕೇಳುತ್ತಾರೆ. ಮೂರು ತಿಂಗಳಾದ ಮೇಲೆ ಕಾಲು ದೋಸೆ, ಬೆಣ್ಣೆ ತುಪ್ಪ ಬಿಟ್ಟು, ಚೆನ್ನಾಗಿ ಅಗಿದು. ಪೂರ್ತಿ ದೋಸೆಯ ಆಸೆ ಬಿಡಿ.

ಒಂದು ತುತ್ತಿಗೆ ಇಪ್ಪತ್ತು ಇಪ್ಪತ್ತೈದು ಸಲ ಅಗಿಯಬೇಕು, ಊಟಕ್ಕೆ 20ರಿಂದ 30 ನಿಮಿಷ ಕೊಡಬೇಕು. ಸಾಕು ಎಂದು ಹೊಟ್ಟೆ ಹೇಳುವ ಗುರುತು ಈಗ ಬೇರೆ: ಎದೆಯ ಕೆಳಗೆ ಸಣ್ಣ ಬಿಗಿತ, ಒಂದು ಬಿಕ್ಕಳಿಕೆ, ಕೆಲವರಿಗೆ ಮೂಗಲ್ಲಿ ನೀರು. ಅಲ್ಲಿಗೇ ನಿಲ್ಲಿಸಿ. ತಟ್ಟೆಯಲ್ಲಿ ಒಂದೇ ತುತ್ತು ಉಳಿದಿದ್ದರೂ ನಿಲ್ಲಿಸಿ. ಅನ್ನ ಬಿಸಾಡಬಾರದು ಎಂಬ ನಮ್ಮ ಸಂಸ್ಕಾರ ಒಳ್ಳೆಯದೇ. ಅದಕ್ಕೆ ದಾರಿ ಎಂದರೆ ಮೊದಲೇ ಕಡಿಮೆ ಬಡಿಸಿಕೊಳ್ಳುವುದು. ದಸ್ತರ್‌ಖಾನಿನಲ್ಲಿ ಎಲ್ಲರೂ ಒಂದೇ ತಾಟಿನಲ್ಲಿ ಉಣ್ಣುವ ಮನೆಯಾದರೆ ಕೆಲವು ತಿಂಗಳು ಇವರಿಗೆ ಬೇರೆ ಚಿಕ್ಕ ತಟ್ಟೆ ಇಡಿ. ಹಂಚಿದ ತಾಟಿನಲ್ಲಿ ಅಳತೆ ಸಿಗುವುದಿಲ್ಲ.

ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ, ದಿನಕ್ಕೆ ಒಂದೂವರೆ ಲೀಟರ್ ಆದರೂ ಹೋಗಬೇಕು. ಸೋಡಾ, ಕೂಲ್ ಡ್ರಿಂಕ್ ಬೇಡವೇ ಬೇಡ.

ಮೊದಲು ಯಾವುದು?

ತಟ್ಟೆಯಲ್ಲಿ ಜಾಗ ನಾಲ್ಕೈದು ಚಮಚಕ್ಕೆ ಮಾತ್ರ ಇರುವಾಗ ಅನ್ನ ಮೊದಲು ಹೋದರೆ ಪ್ರೋಟೀನಿಗೆ ಜಾಗವಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, 200 ಮಿ.ಲೀ. ಹಾಲಿನಲ್ಲಿ 6ರಿಂದ 7. ಲೆಕ್ಕ ಹಾಕಿದರೆ ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಅದಕ್ಕೇ ಆಸ್ಪತ್ರೆಯವರು ಪ್ರೋಟೀನ್ ಪುಡಿ ಬರೆಯುವುದು. ಬಿರಿಯಾನಿ ಇದ್ದರೆ ಮೊದಲು ಮೆತ್ತಗಿನ ಮಾಂಸ, ಆಮೇಲೆ ತರಕಾರಿ, ಅನ್ನ ಕೊನೆಗೆ ಎರಡು ಚಮಚ. ಅವರೆ ಕಾಲದಲ್ಲಿ ಹಿತಕಿದ ಅವರೆಬೇಳೆ ಮೆತ್ತಗೆ ಬೇಯಿಸಿದರೆ ಒಳ್ಳೆಯದು. ಮೂರು ತಿಂಗಳ ನಂತರ ಕೂದಲು ಉದುರಿದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ತಿರುಗಿ ಬರುತ್ತದೆ, ಆದರೆ ಪ್ರೋಟೀನು, ಕಬ್ಬಿಣ ಸರಿಯಾಗಿ ಹೋಗುತ್ತಿದೆಯೇ ನೋಡಿ.

ಇನ್ನು ಸಿಹಿ. ಬೈಪಾಸ್ ಆದವರಲ್ಲಿ ಹೆಚ್ಚಾಗಿ, ಸ್ಲೀವ್ ಆದವರಲ್ಲಿ ಕೆಲವೊಮ್ಮೆ, ಸಕ್ಕರೆ ಒಮ್ಮೆಗೇ ಕರುಳಿಗೆ ಇಳಿದರೆ ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಸಕ್ಕರೆ ಕುಸಿದು ಕೈ ನಡುಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಶೀರ್ ಖುರ್ಮಾ, ಜರ್ದಾ, ಶರಬತ್ತು ಇಂಥವು. ಶ್ರೀನಿವಾಸಪುರದ ಮಾವು ಎರಡು ಹೋಳು ಅಗಿದು ತಿಂದರೆ ನಡೆದೀತು, ರಸ ಮಾಡಿ ಕುಡಿದರೆ ಅದೂ ಶರಬತ್ತೇ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಮಾಲೂರಿನಿಂದ ಬಂದ ಒಬ್ಬರಿಗೆ ನಿಶ್ಶಕ್ತಿಗೆಂದು ಖಮೀರಾ ಕೊಟ್ಟೆ. ಆಪರೇಷನ್ ಆಗಿದೆಯೇ ಎಂದು ಕೇಳಲಿಲ್ಲ. ಖಮೀರಾ, ಮಾಜೂನ್ ಎಲ್ಲವೂ ಸಕ್ಕರೆ ಅಥವಾ ಜೇನಿನ ಪಾಕದಲ್ಲೇ ಮಾಡುವಂಥವು. ಅವರು ತಿಂದ ಅರ್ಧ ಗಂಟೆಯಲ್ಲಿ ಬೆವೆತು ಕುಸಿದರು. ಅಂದಿನಿಂದ ಪ್ರತಿಯೊಬ್ಬರಿಗೂ ಆ ಪ್ರಶ್ನೆ ಕೇಳುತ್ತೇನೆ. ನಮ್ಮ ವೈದ್ಯದಲ್ಲಿ ಅತಿ ಬೊಜ್ಜಿಗೆ ಸಿಮನೆ ಮುಫ್ರಿತ್ ಎಂಬ ಹೆಸರಿದೆ, ಅದಕ್ಕೆ ಸಫೂಫೆ ಮುಹಝ್ಝಿಲ್ ಮುಂತಾದ ಔಷಧಗಳಿವೆ. ಅವು ಆಪರೇಷನ್ ಆಗದವರಿಗೆ. ಹೊಲಿಗೆ ಹಾಕಿದ ಹೊಟ್ಟೆಗೆ ಸಫೂಫ್, ಸಿರ್ಕಾ, ಕುಶ್ತಾ ಯಾವುದೂ ಬೇಡ. ಮಲಬದ್ಧತೆಗೆ ಇಸಬ್‌ಗೋಲ್ ಕೂಡ ಸರ್ಜನ್ ಒಪ್ಪದೆ ತೆಗೆದುಕೊಳ್ಳಬೇಡಿ, ಅದು ನೀರು ಹೀರಿ ಉಬ್ಬುತ್ತದೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಬ್ರೂಫೆನ್, ಡೈಕ್ಲೋಫೆನಾಕ್ ತಂದು ನುಂಗಿದರೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಒಳಗೆ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳ ಪ್ರಮಾಣವೂ ಇಳಿಸಬೇಕಾಗುತ್ತದೆ, ಹಳೇ ಚೀಟಿಯಂತೆ ನುಂಗುತ್ತಾ ಇರಬೇಡಿ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಮಲ್ಟಿವಿಟಮಿನ್. ಇವು ಕೋರ್ಸ್ ಅಲ್ಲ, ಜೀವನಪೂರ್ತಿ. ತೂಕ ಇಳಿದು ಚೆನ್ನಾಗಿ ಕಾಣತೊಡಗಿದ ಮೇಲೆ ನಿಲ್ಲಿಸುವವರೇ ಹೆಚ್ಚು, ಕೊರತೆ ಒಂದೆರಡು ವರ್ಷ ಬಿಟ್ಟು ಕಾಲು ಜೋಮು, ರಕ್ತಹೀನತೆಯಾಗಿ ಕಾಣಿಸುತ್ತದೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಬಿಡಿ, ಕಬ್ಬಿಣದ ಮಾತ್ರೆಯ ಆಸುಪಾಸು ಚಹಾ ಬೇಡ. ಕ್ಯಾಪ್ಸೂಲಿನ ಜಿಲೆಟಿನ್ ಹಲಾಲೋ ಅಲ್ಲವೋ ಎಂದು ಮಾತ್ರೆಯನ್ನೇ ಬಿಟ್ಟವರಿದ್ದಾರೆ. ಬಿಡಬೇಡಿ. ಅದೇ ವಿಟಮಿನ್ನು ಜಗಿಯುವ ಮಾತ್ರೆಯಾಗಿ, ಸಸ್ಯಮೂಲದ ಕ್ಯಾಪ್ಸೂಲಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳು 12ರಿಂದ 18 ತಿಂಗಳು ತಡೆಯುವುದು ಕ್ಷೇಮ.

ರೋಜಾ ಹಿಡಿಯಬಹುದೇ?

ಮೊದಲ ವರ್ಷ ಬೇಡ ಎಂದೇ ಹೆಚ್ಚಿನ ಸರ್ಜನ್‌ಗಳು ಹೇಳುತ್ತಾರೆ. ಒಂದೂವರೆ ಲೀಟರ್ ನೀರು, 60 ಗ್ರಾಂ ಪ್ರೋಟೀನ್, ಎರಡು ಗಂಟೆ ಅಂತರದ ಮಾತ್ರೆಗಳು ಇಷ್ಟನ್ನೂ ಇಫ್ತಾರ್‌ನಿಂದ ಸಹರಿಯೊಳಗೆ ಒಂದು ಟೀ ಲೋಟದ ಹೊಟ್ಟೆಗೆ ಹಾಕುವುದು ಆಗದ ಕೆಲಸ. ರೋಗಿಗೆ ರಿಯಾಯಿತಿಯನ್ನು ಕುರ್‌ಆನೇ ಕೊಟ್ಟಿದೆ. ಬಿಟ್ಟ ರೋಜಾ ಆಮೇಲೆ ಹಿಡಿಯಬೇಕೇ, ಫಿದ್ಯಾ ಕೊಡಬೇಕೇ ಎಂಬುದನ್ನು ನಿಮ್ಮ ಆಲಿಮರಲ್ಲಿ ಕೇಳಿ, ಹೋಗುವಾಗ ಡಾಕ್ಟರ ಮಾತನ್ನೂ ಜೊತೆಗೆ ಒಯ್ಯಿರಿ. ಮುಂದಿನ ವರ್ಷಗಳಲ್ಲಿ ಅನುಮತಿ ಸಿಕ್ಕಿದರೆ ಇಫ್ತಾರಿಗೆ ಒಂದು ಖರ್ಜೂರ ಅಗಿದು ತಿಂದು, ಎರಡು ಗುಟುಕು ನೀರು, ಮಗ್ರಿಬ್ ಮುಗಿಸಿ ಬಂದು ಬೇಳೆ ಅಥವಾ ಮೊಟ್ಟೆ. ಸಮೋಸಾ, ಭಜ್ಜಿ, ಶರಬತ್ತು ಬೇರೆಯವರಿಗೆ.

ಕೊನೆಗೆ ಮನೆಯವರಿಗೆ. ನಮ್ಮಲ್ಲಿ ಪ್ರೀತಿ ತೋರಿಸುವುದೇ ಬಡಿಸುವುದರಲ್ಲಿ. ಮೈದಾನದಂಥ ತಟ್ಟೆಗೆ ಇನ್ನೊಂದು ಸೌಟು ಹಾಕಿ "ಅಷ್ಟೇನಾ ತಿನ್ನೋದು, ನನ್ನ ಕಸಂ" ಎನ್ನುತ್ತೇವೆ. ಅಮ್ಮಿಯಂದಿರೇ, ಆಪಾಗಳೇ, ಕಸಂ ಹಾಕಬೇಡಿ. ನೆಂಟರ ಎದುರು "ಆಪರೇಷನ್ ಮಾಡಿಸಿಕೊಂಡು ಹೀಗಾದಳು" ಎನ್ನಬೇಡಿ. ಆ ಮಾತಿಗೆ ಹೆದರಿ ಮದುವೆ ಮನೆಯಲ್ಲಿ ಪೂರ್ತಿ ಉಂಡು ಬಚ್ಚಲಿಗೆ ಓಡಿದವರನ್ನು ನಾನು ನೋಡಿದ್ದೇನೆ. ವಲೀಮಾಕ್ಕೆ ಹೋಗುವ ದಿನ ಮನೆಯಲ್ಲೇ ಅವರ ಊಟ ಮುಗಿಸಿ, ಅಲ್ಲಿ ಮಕ್ಕಳ ತಟ್ಟೆಯಲ್ಲಿ ಎರಡು ತುಂಡು ಹಾಕಿಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.

ಮೊದಲ ಒಂದು ತಿಂಗಳಲ್ಲಿ ಜ್ವರ, ಜೋರು ಹೊಟ್ಟೆನೋವು, ಎಡಭುಜದಲ್ಲಿ ನೋವು, ಉಸಿರಾಟದ ಕಷ್ಟ, ನಿಮಿಷಕ್ಕೆ 120 ದಾಟಿದ ನಾಡಿ, ಕಾಲಿನ ಊತ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಮೊದಲು ಸೇರಿಸಿ, ದಾರಿಯಲ್ಲೇ ನಿಮ್ಮ ಸರ್ಜನ್‌ಗೆ ತಿಳಿಸಿ. ಡಿಸ್‌ಚಾರ್ಜ್ ಹಾಳೆಯ ಒಂದು ಜೆರಾಕ್ಸ್ ಪರ್ಸಿನಲ್ಲಿ ಇರಲಿ, ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿ ಇರಲಿ.