ಅರಿವಿನ ಉದಯವೂ ಮನಸ್ಸಿನ ಪರಿಪಾಕವೂ

ಅರಿವು ಉದಯಿಸುವುದು ಒಂದು. ಆ ಅರಿವನ್ನು ಧರಿಸಬಲ್ಲಂತೆ ಮನಸ್ಸು ಪಕ್ವವಾಗುವುದು ಮತ್ತೊಂದು. ಮೊದಲನೆಯದು ಗುರುಕಾರುಣ್ಯದಿಂದ ಕ್ಷಣಮಾತ್ರದಲ್ಲಿ ಆಗಬಹುದು. ಎರಡನೆಯದಕ್ಕೆ ಕಾಲ ಬೇಕು, ಆಚಾರ ಬೇಕು, ತಪ್ಪನ್ನು ತೋರಿಸಿಕೊಡುವವರ ಸಂಗ ಬೇಕು. ಇವೆರಡನ್ನೂ ಒಂದೇ ಎಂದು ಬಗೆಯುವುದರಿಂದ ಸಾಧಕನಿಗೂ ಅವನನ್ನು ನಂಬಿದವರಿಗೂ ಕೇಡುಂಟಾಗುತ್ತದೆ. ಧ್ಯಾನದಲ್ಲಿ ಒಮ್ಮೆ ಬೆಳಕನ್ನು ಕಂಡವನು ತನ್ನ ಕೋಪವನ್ನು ತೇಜಸ್ಸೆಂದೂ, ಹಠವನ್ನು ನಿಷ್ಠೆಯೆಂದೂ, ಮನೆಯವರ ಕಷ್ಟದಲ್ಲಿ ತನಗಿರುವ ಉದಾಸೀನವನ್ನು ವೈರಾಗ್ಯವೆಂದೂ ತಿಳಿಯತೊಡಗಿದರೆ ಅವನನ್ನು ತಿದ್ದುವವರಾರು? ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಎದುರಿಸಿದರು. ಅವರು ಕೊಟ್ಟ ಉತ್ತರವು ಷಟ್‌ಸ್ಥಲ ಸಿದ್ಧಾಂತದಲ್ಲಿಯೂ ಅವರ ಚರಿತ್ರೆಗಳಲ್ಲಿಯೂ ದೊರೆಯುತ್ತದೆ.

ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಸರ್ವವಿದಿತವಾದುವು. ಒಂದೊಂದು ಸ್ಥಲಕ್ಕೂ ಒಂದೊಂದು ಹಸ್ತವನ್ನು ಶಾಸ್ತ್ರವು ಹೇಳಿದೆ. ಭಕ್ತನಿಗೆ ಸುಚಿತ್ತ, ಮಾಹೇಶ್ವರನಿಗೆ ಸುಬುದ್ಧಿ, ಪ್ರಸಾದಿಗೆ ನಿರಹಂಕಾರ, ಪ್ರಾಣಲಿಂಗಿಗೆ ಸುಮನ, ಶರಣನಿಗೆ ಸುಜ್ಞಾನ, ಐಕ್ಯನಿಗೆ ಸದ್ಭಾವ. ಹಸ್ತವೆಂದರೆ ಲಿಂಗಕ್ಕೆ ಅರ್ಪಿಸುವ ಕೈ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಆರೂ ಅಂತರಂಗದ ಗುಣಗಳು. ಇವುಗಳಲ್ಲಿ ಯಾವುದೊಂದೂ ಪವಾಡವಲ್ಲ, ಸಿದ್ಧಿಯಲ್ಲ. ಚಿತ್ತ, ಬುದ್ಧಿ, ಅಹಂಕಾರ, ಮನಸ್ಸು ಎಂಬ ಅಂತಃಕರಣ ಚತುಷ್ಟಯವು ಎಲ್ಲ ಮನುಷ್ಯರಲ್ಲಿಯೂ ಇದೆ. ಅದನ್ನು ಕಿತ್ತೊಗೆಯಬೇಕೆಂದು ಶಾಸ್ತ್ರವು ವಿಧಿಸಲಿಲ್ಲ. ಅದನ್ನು ಸಂಸ್ಕರಿಸಿ ಲಿಂಗಕ್ಕೆ ಕೈಯಾಗಿ ಮಾಡಿಕೊಳ್ಳಬೇಕೆಂದಿತು.

ಪದರಚನೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಚಿತ್ತ, ಬುದ್ಧಿ, ಮನಸ್ಸುಗಳಿಗೆ ‘ಸು’ ಎಂಬ ಉಪಸರ್ಗವು ಸೇರಿದೆ. ಅಹಂಕಾರಕ್ಕೆ ಮಾತ್ರ ‘ನಿರ್’ ಎಂಬುದು ಸೇರಿದೆ. ಉಳಿದ ಮೂರನ್ನು ತಿದ್ದಿ ಒಳಿತಾಗಿಸಬಹುದು. ಅಹಂಕಾರಕ್ಕೆ ಒಳ್ಳೆಯ ರೂಪವೆಂಬುದಿಲ್ಲ. ಅದು ಕರಗಿಯೇ ಹೋಗಬೇಕು. ಅದು ಕರಗತಕ್ಕ ಸ್ಥಲವು ಪ್ರಸಾದಿಸ್ಥಲ. ಬಂದುದೆಲ್ಲವನ್ನೂ, ಕಟುವಾದ ಮಾತನ್ನು ಸಹ, ಪ್ರಸಾದವೆಂದು ಕೈಯೊಡ್ಡಿ ಸ್ವೀಕರಿಸಬಲ್ಲವನು ಪ್ರಸಾದಿ.

ಇದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಗಿಂತ ಉತ್ತಮವಾದ ನಿದರ್ಶನವಿಲ್ಲ. ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರದಲ್ಲಿ ಅವರ ಬಾಲ್ಯವನ್ನು ವರ್ಣಿಸಿದ್ದಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಮಲ್ಲಿಕಾರ್ಜುನನು ಜಂಗಮರೂಪದಿಂದ ಬಂದನು. ಬಾಲಕನು ಅವನಿಗಾಗಿ ಮಜ್ಜಿಗೆಯನ್ನು ತರಲು ಮನೆಗೆ ಓಡಿದನು. ಹಿಂದಿರುಗಿ ಬರುವಷ್ಟರಲ್ಲಿ ಜಂಗಮನಿರಲಿಲ್ಲ. ‘ಮಲ್ಲಯ್ಯಾ’ ಎಂದು ಅಳುತ್ತ ಬಾಲಕನು ಯಾತ್ರಿಕರೊಡನೆ ಶ್ರೀಶೈಲಕ್ಕೆ ಹೋದನು. ಅಲ್ಲಿಯೂ ಕಾಣದೆ ಪ್ರಪಾತಕ್ಕೆ ಬೀಳಲು ಮುಂದಾದಾಗ ಶಿವನು ಕೈಹಿಡಿದನು. ಇಷ್ಟು ಎಳೆಯ ವಯಸ್ಸಿನಲ್ಲಿ ಇಂತಹ ದರ್ಶನವು ದೊರೆಯುವುದು ಅಪೂರ್ವ. ಬಳಿಕ ಅವರು ಸೊನ್ನಲಿಗೆಗೆ ಮರಳಿ ಗುಡಿಗಳನ್ನು ಕಟ್ಟಿಸಿದರು, ಕೆರೆಯನ್ನು ತೋಡಿಸಿದರು. ಇಂದಿನ ಸೊಲ್ಲಾಪುರದಲ್ಲಿ ಕೆರೆಯ ನಡುವೆ ಇರುವ ಸಿದ್ಧೇಶ್ವರ ದೇವಾಲಯವು ಅವರ ಸ್ಮರಣೆಯನ್ನು ಉಳಿಸಿಕೊಂಡಿದೆ.

ದರ್ಶನವಾಯಿತು, ಲೋಕೋಪಕಾರವೂ ನಡೆಯಿತು. ಇನ್ನೇನು ಉಳಿದಿತ್ತು? ಉಳಿದುದನ್ನು ಶೂನ್ಯಸಂಪಾದನೆಯು ತೋರಿಸುತ್ತದೆ. ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದು ‘ಒಡ್ಡರಾಮ’ನೆಲ್ಲಿ ಎಂದು ವಿಚಾರಿಸಿದರು. ಕೆರೆಯ ಕೆಲಸದವರು ಕೆರಳಿ ಕಲ್ಲೆಸೆದರು. ಕಲ್ಲುಗಳು ಪ್ರಭುದೇವರನ್ನು ನೋಯಿಸಲಿಲ್ಲ. ಸುದ್ದಿ ತಿಳಿದು ಬಂದ ಸಿದ್ಧರಾಮರಿಗೂ ಕೋಪವುಕ್ಕಿತು. ಹಣೆಗಣ್ಣಿನಿಂದ ಉರಿ ಹೊರಟಿತೆಂದೂ, ಅದು ಪ್ರಭುದೇವರನ್ನು ಸುಡಲಾರದೆ ಹೋಯಿತೆಂದೂ ಗ್ರಂಥವು ನಿರೂಪಿಸುತ್ತದೆ.

ಈ ಪ್ರಸಂಗದ ತತ್ತ್ವವನ್ನು ವಿಚಾರಿಸಬೇಕು. ಮಣ್ಣು ಕಲ್ಲುಗಳ ಕೆಲಸ ಮಾಡಿ ಒಡ್ಡು ಕಟ್ಟುವವರನ್ನು ಜನರು ಆ ಹೆಸರಿನಿಂದ ಕರೆಯುತ್ತಿದ್ದರು. ಕಾಯಕವನ್ನು ಕೈಲಾಸವೆಂದು ತಿಳಿದವರ ದೃಷ್ಟಿಯಲ್ಲಿ ಅದು ಹೀನವಾದ ಹೆಸರಲ್ಲ. ಕೆರೆ ಕಟ್ಟಿಸುವವರನ್ನು ಅದೇ ಕೆಲಸದ ಹೆಸರಿನಿಂದ ಕರೆದರೆ ನೋವೇಕೆ ಆಗಬೇಕು? ಕೆಲಸವು ಶಿವನದೆಂದು ಬಾಯಿ ಹೇಳುತ್ತಿದ್ದರೂ, ಅದರಿಂದ ಬಂದ ಕೀರ್ತಿಯು ತನ್ನದೆಂದು ಮನಸ್ಸು ಒಳಗೆ ಬಚ್ಚಿಟ್ಟುಕೊಂಡಿತ್ತು. ಒಂದು ಹೆಸರು ತಗುಲಿದೊಡನೆ ಬಚ್ಚಿಟ್ಟುದು ಹೊರಬಿದ್ದಿತು. ಷಟ್‌ಸ್ಥಲದಲ್ಲಿ ಅಗ್ನಿತತ್ತ್ವವು ಪ್ರಸಾದಿಗೆ ಸೇರಿದುದೆಂಬುದನ್ನು ಇಲ್ಲಿ ನೆನೆಯಬಹುದು. ಅಹಂಕಾರವನ್ನು ಸುಡಬೇಕಾಗಿದ್ದ ಅಗ್ನಿಯು ಎದುರಿಗಿದ್ದವರ ಮೇಲೆ ತಿರುಗಿತ್ತು. ಪ್ರಭುದೇವರು ಅದನ್ನು ಅದರ ನಿಜವಾದ ಸ್ಥಾನಕ್ಕೆ ಹಿಂದಿರುಗಿಸಿದರು.

ಸಿದ್ಧರಾಮರ ಹಿರಿಮೆಯು ಅನಂತರದ ನಡೆಯಲ್ಲಿದೆ. ಅವರು ತಮ್ಮ ದರ್ಶನದ ಬಲವನ್ನು ಮುಂದೊಡ್ಡಿ ವಾದಿಸುತ್ತ ಕುಳಿತುಕೊಳ್ಳಲಿಲ್ಲ. ಪ್ರಭುದೇವರೊಡನೆ ಕಲ್ಯಾಣಕ್ಕೆ ಹೋದರು. ಸ್ವತಃ ಅನೇಕರಿಗೆ ಗುರುಸ್ಥಾನದಲ್ಲಿದ್ದ ಅವರು ತರುಣರಾದ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರೆಂದು ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯು ಹೇಳುತ್ತದೆ. ಕಿರಿಯರ ಮುಂದೆ ತಲೆಬಾಗಿ ಕಲಿಯುವ ಶಕ್ತಿಯೇ ಮನಃಪರಿಪಾಕದ ಲಕ್ಷಣ. ಶ್ರೀಶೈಲದಲ್ಲಿ ಶಿವನು ಅವರ ಕೈಹಿಡಿದನು. ಕಲ್ಯಾಣದಲ್ಲಿ ಅವರು ಶಿವನಿಗೆ ಕೈಯೊಡ್ಡಿದರು. ಈ ಎರಡರ ನಡುವೆ ಎಷ್ಟೋ ವರ್ಷಗಳು ಸಂದಿದ್ದುವು.

ಪಕ್ವತೆಯನ್ನು ಕಲಿಸುವವರು ಪ್ರಭುದೇವರಂತಹ ಮಹಾಜ್ಞಾನಿಗಳೇ ಆಗಬೇಕೆಂಬ ನಿಯಮವಿಲ್ಲ. ಆಯ್ದಕ್ಕಿ ಮಾರಯ್ಯನು ಅನುಭಾವದ ಮಾತಿನಲ್ಲಿ ತನ್ಮಯನಾಗಿ ಕಾಯಕವನ್ನು ಮರೆತಾಗ ಎಚ್ಚರಿಸಿದವಳು ಅವನ ಪತ್ನಿ ಲಕ್ಕಮ್ಮ. ಅವನು ದಿನದ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಅನುಭಾವದ ಚರ್ಚೆ ಎಷ್ಟೇ ಎತ್ತರದ್ದಾಗಿರಲಿ, ಮನೆಯೊಳಗಿನ ಒಂದು ಹಿಡಿ ಅಕ್ಕಿಯಲ್ಲಿ ಮನಸ್ಸಿನ ಆಸೆ ಅಳತೆಗೆ ಸಿಕ್ಕಿತು. ಮಾರಯ್ಯನು ಪತ್ನಿಯ ಮಾತನ್ನು ಸ್ವೀಕರಿಸಿದನು. ಅದರಿಂದ ಅವನು ಚಿಕ್ಕವನಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಮನಸ್ಸು ಪಕ್ವವಾದರೆ ಸಾಲದೇ, ಅರಿವಿನ ಅವಶ್ಯಕತೆಯೇನು? ಸಾಲದು. ಸ್ವಭಾವದಿಂದಲೇ ಶಾಂತರಾದ ಸಜ್ಜನರು ಅನೇಕರಿದ್ದಾರೆ. ಆದರೆ ಕೈ ಶುದ್ಧವಾಗಿದ್ದ ಮಾತ್ರಕ್ಕೆ ಕೈಯೊಳಗೆ ಲಿಂಗವಿದೆಯೆಂದು ಹೇಳಲಾಗದು. ಹಾಗೆಯೇ ಲಿಂಗವು ಬಂದೊಡನೆ ಕೈಯ ನಡುಕ ನಿಲ್ಲುತ್ತದೆಂದೂ ಹೇಳಲಾಗದು. ಅರಿವಿಲ್ಲದ ಪಕ್ವತೆಯು ಸೌಜನ್ಯದಲ್ಲಿ ನಿಲ್ಲುತ್ತದೆ. ಪಕ್ವತೆಯಿಲ್ಲದ ಅರಿವು ಅಪಾಯಕ್ಕೆ ಎಳೆಯುತ್ತದೆ. ಆದುದರಿಂದ ಶರಣರು ಅರಿವನ್ನೂ ಆಚಾರವನ್ನೂ ಅಗಲಿಸದೆ ಹೇಳಿದರು.

ಈಚಿನ ಮನಃಶಾಸ್ತ್ರಜ್ಞರೂ ಈ ಅಂಶವನ್ನು ಮನಗಂಡಿದ್ದಾರೆ. ಒಳಗಿನ ಗಾಯವನ್ನೂ ಬಾಕಿ ಉಳಿದ ಕರ್ತವ್ಯವನ್ನೂ ಎದುರಿಸಲಾರದೆ ಧ್ಯಾನದ ಮರೆಯಲ್ಲಿ ಅಡಗಿಕೊಳ್ಳುವ ಪ್ರವೃತ್ತಿಯನ್ನು ಅಮೆರಿಕದ ಜಾನ್ ವೆಲ್‌ವುಡ್ ಎಂಬ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ಗುರುತಿಸಿ ಅದಕ್ಕೊಂದು ಹೆಸರಿಟ್ಟರು. ತಾವೂ ಧ್ಯಾನಸಾಧಕರಾಗಿದ್ದುದರಿಂದ ಅವರು ಸಾಧನೆಯನ್ನು ಹಳಿಯಲಿಲ್ಲ. ಸಾಧನೆಯನ್ನು ನೆಪವಾಗಿಸಿಕೊಳ್ಳುವುದನ್ನು ಮಾತ್ರ ಎಚ್ಚರಿಸಿದರು.

ಹಾಗಾದರೆ ಸಾಧಕನು ತನ್ನನ್ನು ಪರೀಕ್ಷಿಸಿಕೊಳ್ಳುವುದು ಹೇಗೆ? ಪೂಜೆಯ ಸಮಯದಲ್ಲಿ ಕಂಡುದರಿಂದ ಇದು ತಿಳಿಯದು. ಪೂಜೆಯಿಂದೆದ್ದ ಬಳಿಕದ ನಡೆಯಿಂದ ತಿಳಿಯುತ್ತದೆ. ತನ್ನನ್ನು ಅಲ್ಪನೆಂದವನ ಮಾತನ್ನು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿರುವೆನು? ತಪ್ಪನ್ನು ತೋರಿಸಿದವರು ಮಡದಿಯೋ ಮಕ್ಕಳೋ ಆಳೋ ಆಗಿದ್ದರೆ ಕಿವಿಗೊಡುವೆನೇ? ತಾನು ಮಾಡಿದ ದಾನವನ್ನು ಇನ್ನೊಬ್ಬನ ಹೆಸರಿನಲ್ಲಿ ಸಾರಿದರೆ ಸಹಿಸುವೆನೇ? ಈ ಮೂರು ಪ್ರಶ್ನೆಗಳಿಗೆ ಪ್ರತಿ ರಾತ್ರಿ ಮಲಗುವ ಮುನ್ನ ಸತ್ಯವಾಗಿ ಉತ್ತರ ಹೇಳಿಕೊಳ್ಳತಕ್ಕದ್ದು. ಉತ್ತರವು ಕಹಿಯಾಗಿದ್ದರೆ ಎದೆಗುಂದಬೇಕಾಗಿಲ್ಲ. ಶಿವದರ್ಶನವನ್ನು ಪಡೆದ ಸಿದ್ಧರಾಮೇಶ್ವರರಿಗೂ ತಿದ್ದಿಕೊಳ್ಳಬೇಕಾದುದು ಉಳಿದಿತ್ತು. ತಿದ್ದಿಕೊಂಡುದರಿಂದಲೇ ಅವರು ಶಿವಯೋಗಿಗಳೆಂದು ವಂದ್ಯರಾದರು.

ದೀಕ್ಷೆಯ ದಿನ ಗುರುವು ಕರಸ್ಥಲಕ್ಕೆ ಲಿಂಗವನ್ನು ಅನುಗ್ರಹಿಸುತ್ತಾನೆ. ಆ ಕೈಯನ್ನು ಅದಕ್ಕೆ ತಕ್ಕುದಾಗಿ ಮಾಡಿಕೊಳ್ಳುವ ಭಾರವು ಶಿಷ್ಯನದು, ಮತ್ತು ಅದು ಬಾಳಿನುದ್ದದ ಕಾಯಕ.